ಕಿವಿಗೆ ಒಗ್ಗಿದ ಊರು

ಹೊಸ ಊರಿಗೆ ಕಣ್ಣು ಬೇಗ ಒಗ್ಗುತ್ತದೆ. ಔಷಧದಂಗಡಿ ಯಾವ ತಿರುವಿನಲ್ಲಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಹಾಲು ಯಾರಲ್ಲಿ ಚೆನ್ನ ಎಂಬುದೆಲ್ಲ ಓಡಾಡುತ್ತಲೇ ತಿಳಿದುಬಿಡುತ್ತದೆ. ನಾಲಗೆ ಒಗ್ಗಲು ಇನ್ನಷ್ಟು ದಿನ ಬೇಕು. ಎಲ್ಲಕ್ಕಿಂತ ತಡವಾಗಿ ಒಗ್ಗುವುದು ಕಿವಿ. ಬೆಳಗಿನ ಜಾವದ ಅರೆನಿದ್ದೆಯಲ್ಲಿ ಕೇಳಿಬಂದ ಸಪ್ಪಳ ಯಾವುದೆಂದು ಕಣ್ಣು ತೆರೆಯದೆಯೇ ಗೊತ್ತಾಗಿ, ಮಗ್ಗುಲು ಬದಲಿಸಿ ಮತ್ತೆ ಮಲಗುವಂತಾದರೆ ಆ ಊರಿನಲ್ಲಿ ಬೇರು ಇಳಿಯಿತೆಂದು ಲೆಕ್ಕ. ಜರ್ಮನಿಯಿಂದ ಬಂದು ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಹಿಡಿದ ನನಗೆ ಆ ನೆಮ್ಮದಿ ಒದಗಿದ್ದು ಇಲ್ಲಿಯ ಎರಡನೆಯ ಮಳೆಗಾಲದಲ್ಲಿ.

ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾದ ಮೇಲೆ ಹೋಗಿ ನೆಲೆಸಿದ್ದು ಟ್ಯೂಬಿಂಗೆನ್‌ನಲ್ಲಿ. ವಾಪಸು ಬರುವುದೆಂದು ನಿಶ್ಚಯವಾದಾಗ ನೆಂಟರಲ್ಲಿ ಅರ್ಧ ಜನ ಊರಿಗೇ ಬನ್ನಿ ಎಂದರು, ಉಳಿದರ್ಧ ಬೆಂಗಳೂರು ಎಂದರು. ಮನೆಯವರಿಗೆ ಪಾಠ ಹೇಳುವ ಕೆಲಸ ಸಿಕ್ಕಿದ್ದು ಧಾರವಾಡದಲ್ಲಿ. ಇಲ್ಲಿ ನಮಗೆ ಬಂಧುಗಳಿಲ್ಲ, ಬಾಲ್ಯದ ನೆನಪೂ ಇಲ್ಲ. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಹುಟ್ಟಿದೂರಿಗೆ ಹೋಗಿದ್ದರೆ ಅಂದು ಊರು ಬಿಟ್ಟ ಹುಡುಗಿಯನ್ನೇ ಎಲ್ಲರೂ ನನ್ನಲ್ಲಿ ಹುಡುಕುತ್ತಿದ್ದರು. ಅಂದಿನ ಊರನ್ನೇ ನಾನೂ ಅಲ್ಲಿ ಹುಡುಕುತ್ತಿದ್ದೆ. ಧಾರವಾಡಕ್ಕೆ ನನ್ನ ಹಿಂದಿನದೇನೂ ಗೊತ್ತಿರಲಿಲ್ಲ. “ಯಾವೂರ್ರೀ ನಿಮ್ದು?” ಎಂದು ಕೇಳಿತು. ಹೇಳಿದೆ. “ಛಲೋ ಆತು, ಬರ್ರಿ” ಎಂದಿತು. ಗ್ಯಾಸು, ಆಧಾರ್ ವಿಳಾಸ, ಬಾಡಿಗೆ ಕರಾರು, ಮಗಳ ಶಾಲೆ ಇವೆಲ್ಲ ಎಲ್ಲರಿಗೂ ಆಗುವಂತೆ ನಮಗೂ ಆದವು.

ಟ್ಯೂಬಿಂಗೆನ್ ನೆಕ್ಕರ್ ನದಿಯ ದಂಡೆಯ ಪುಟ್ಟ ಊರು. 1477ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವೇ ಅದರ ಜೀವ. ಅಲ್ಲಿಯ ಮೌನಕ್ಕೆ ಕಾಯಿದೆಯ ಕಾವಲಿದೆ. ರಾತ್ರಿ ಹತ್ತಾದ ಮೇಲೆ ಗದ್ದಲ ಮಾಡುವಂತಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಗೋಡೆ ಕೊರೆಯುವಂತಿಲ್ಲ. ಖಾಲಿ ಗಾಜಿನ ಬಾಟಲಿಗಳಿಗೆಂದು ಬೀದಿಯಲ್ಲಿ ದೊಡ್ಡ ತೊಟ್ಟಿಗಳಿರುತ್ತವೆ. ಭಾನುವಾರ ಅವುಗಳಿಗೂ ಬಾಟಲಿ ಹಾಕಬಾರದು. ಒಳಗೆ ಬಿದ್ದ ಗಾಜು ಒಡೆಯುವ ಸದ್ದಿಗೆ ಅಕ್ಕಪಕ್ಕದವರ ವಿಶ್ರಾಂತಿ ಕೆಡುತ್ತದಲ್ಲ, ಅದಕ್ಕೆ. ಇನ್ನೊಬ್ಬರ ಕಿವಿಯ ಬಗ್ಗೆ ಇಷ್ಟೊಂದು ಕಾಳಜಿ ಇರುವ ಜನರನ್ನು ನಾನು ಮನಸಾರೆ ಮೆಚ್ಚಿದೆ. ಆ ನಿಶ್ಶಬ್ದದ ಮೇಲೆ ಚರ್ಚಿನ ಗಂಟೆ ಹೊತ್ತುಹೊತ್ತಿಗೆ ಬಡಿದು ನಿಂತ ಮೇಲೂ ಅದರ ಕೊನೆಯ ಅನುರಣನ ಕೇಳುತ್ತಿತ್ತು.

ಶ್ವಾಬಿಯಾ ಎಂಬ ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಹಳೆಯ ಪದ್ಧತಿಯಿದೆ. ಒಂದೇ ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. ಸರದಿ ಬಂದ ಮನೆಯ ಬಾಗಿಲಿಗೆ ಸಣ್ಣ ಫಲಕವೊಂದು ನೇತಾಡುತ್ತದೆ. ಶನಿವಾರ ಯಾರದೋ ಪೊರಕೆ ಮೆಟ್ಟಿಲ ಮೇಲೆ ಸರಸರ ಆಡಿದಾಗಲೆಲ್ಲ ನಾನು ಕೈಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ಅಷ್ಟು ದೂರದ ದೇಶದಲ್ಲಿ ನಮ್ಮ ಮನೆಯ ಅಂಗಳದ್ದೇ ಎನ್ನಬಹುದಾದ ಸದ್ದು ಅದೊಂದೇ.

ಅಂಥ ಕಿವಿ ಹೊತ್ತುಕೊಂಡು ಮಾಳಮಡ್ಡಿಗೆ ಬಂದವಳಿಗೆ ಮೊದಮೊದಲು ಎಲ್ಲ ಸದ್ದೂ ಒಟ್ಟಿಗೇ ಮೇಲೆರಗಿದ ಹಾಗಾಯಿತು. ರೈಲ್ವೆ ಸ್ಟೇಷನ್ ಹತ್ತಿರ, ಹಾಗಾಗಿ ಬೆಳಗಾಗುವ ಮೊದಲೇ ರೈಲಿನ ಕೂಗು. ಅದರ ಹಿಂದೆ ಅಂಗಳಕ್ಕೆ ನೀರು ತಳಿಯುವ, ಕಸಬರಿಗೆ ಆಡುವ ಸದ್ದು. ಪಕ್ಕದ ಮನೆಯ ಅಜ್ಜನ ರೇಡಿಯೊ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು. ಅಜ್ಜನಿಗೆ ಅದು ಬಿಟ್ಟು ಬೇರೆ ನಿಲಯ ಇದೆಯೆಂಬುದೇ ಲೆಕ್ಕಕ್ಕಿಲ್ಲ. ಆಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತವರು ಮೆಂತೆ, ಪುಂಡಿಪಲ್ಲೆ, ರಾಜಗಿರಿ ಎಂದು ಓಣಿಯುದ್ದಕ್ಕೂ ಕೂಗುತ್ತ ಹೋಗುವುದು. ಯಾವುದೂ ಕೆಟ್ಟ ಸದ್ದಲ್ಲ. ಆದರೆ ಯಾವುದು ನನ್ನನ್ನು ಕರೆಯುತ್ತಿದೆ, ಯಾವುದು ಹಾಗೇ ಹಾದುಹೋಗುತ್ತಿದೆ ಎಂಬ ವಿಂಗಡಣೆ ಇನ್ನೂ ಬಂದಿರಲಿಲ್ಲ. ಪ್ರತಿ ಸದ್ದಿಗೂ ಬಾಗಿಲಿಗೆ ಬರುತ್ತಿದ್ದೆ. ಹೊರದೇಶದಿಂದ ಬಂದವರು ಸದ್ದು ಜಾಸ್ತಿ ಎಂದು ದೂರುವುದನ್ನು ಬಹಳ ಕೇಳಿದ್ದೇನೆ. ಕಾರಣವಿಲ್ಲದ ಹಾರ್ನು, ಎದೆ ನಡುಗಿಸುವ ಡಿಜೆ ಇವುಗಳ ಬಗ್ಗೆ ನನ್ನದೂ ಅದೇ ದೂರು. ಮುದುಕರಿಗೂ ಹಸುಗೂಸುಗಳಿಗೂ ಅದು ಹಿಂಸೆಯೇ. ಆದರೆ ದುಡಿಮೆಯ ಸಪ್ಪಳವನ್ನು ಅದರ ಜೊತೆ ಸೇರಿಸಿ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದುಡಿಮೆಯ ಸಪ್ಪಳ ಎಂದಾಗ ನನಗೆ ಮೊದಲು ನೆನಪಾಗುವುದು ರೊಟ್ಟಿ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬರಿದ್ದಾರೆ. ನಾನು ಅಕ್ಕಿರೊಟ್ಟಿ, ಕಡುಬಿನ ಸೀಮೆಯವಳು. ಜೋಳದ ರೊಟ್ಟಿ ತಿಂದಿದ್ದೆ, ಅದು ಹುಟ್ಟುವುದನ್ನು ನೋಡಿರಲಿಲ್ಲ. ಗೋಧಿಹಿಟ್ಟಿನ ಜಿಗುಟು ಜೋಳಕ್ಕಿಲ್ಲವಾದ್ದರಿಂದ ತಣ್ಣೀರಿಗೆ ಅದು ಒಂದುಗೂಡುವುದಿಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವ ಬಿಸಿಯಲ್ಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಉಂಡೆ ಮಾಡಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲಿಟ್ಟು ಬಡಿಯಲು ಶುರು. ಮೊದಲ ಪೆಟ್ಟುಗಳು ದಪ್ಪ, ನಿಧಾನ: ಧಪ್, ಧಪ್. ಹಿಟ್ಟು ಅಗಲವಾಗುತ್ತ ಹೋದಂತೆ ಕೈಯ ಓಟ ಹೆಚ್ಚುತ್ತದೆ, ಸದ್ದು ತೆಳುವಾಗುತ್ತದೆ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಅಂಚನ್ನು ಸವರಿ ದುಂಡಗೆ ಕಾಯುತ್ತಿರುತ್ತದೆ; ಪ್ರತಿ ಪೆಟ್ಟಿಗೂ ರೊಟ್ಟಿ ತಾನಾಗಿ ಒಂದಿಷ್ಟು ತಿರುಗುತ್ತದೆ. ಕೊನೆಗೆ ಬರಿಯ ಪಟಪಟ. ಆಗ ಅದನ್ನು ಎರಡೂ ಅಂಗೈಗಳ ಮೇಲೆತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೈಮೇಲೆ ನೀರು ಸವರುತ್ತಾರೆ. ಚುಂಯ್ ಎಂಬ ಸದ್ದಿನೊಡನೆ ಹಸಿಹಿಟ್ಟಿನ ವಾಸನೆ ಸುಟ್ಟ ಜೋಳದ ಪರಿಮಳವಾಗುತ್ತದೆ. ತಿರುವಿ ಹಾಕಿದ ಮೇಲೆ ಒಳಗಿನ ಹಬೆ ಪದರವನ್ನು ಎತ್ತಿ ಇಡೀ ರೊಟ್ಟಿ ಉಬ್ಬುತ್ತದೆ.

ನಾನು ಅವರ ಕೈಯನ್ನೇ ನೋಡುತ್ತ ಕೂತದ್ದನ್ನು ಕಂಡು ಅವರು ಅಂದರು: “ಕಣ್ಣಿಂದ ಏನ್ ನೋಡ್ತೀರಿ ಅಕ್ಕಾರ, ಕಿವಿ ಕೊಡ್ರಿ. ತೆಳ್ಳಗ ಆತೋ ಇಲ್ಲೋ ಸಪ್ಪಳಾನ ಹೇಳ್ತೈತಿ.” ಕಣ್ಣು ಮುಚ್ಚಿ ಕೇಳಿದೆ. ನಿಜ, ಸದ್ದು ಒಂದು ಹದಕ್ಕೆ ಬಂದ ಕೂಡಲೇ ಅವರ ಕೈ ನಿಲ್ಲುತ್ತಿತ್ತು. ಆ ಹೊತ್ತಿಗೆ ಅದೇ ಓಣಿಯ ಬೇರೆ ಬೇರೆ ಅಡುಗೆಮನೆಗಳಲ್ಲೂ ಬಡಿತ ಶುರುವಾಗಿತ್ತು. ಈಗ ಸಂಜೆ ಅಂಗಳಕ್ಕೆ ಬಂದು ನಿಂತರೆ ಇವತ್ತು ಯಾವ ಮನೆಯಲ್ಲಿ ನೆಂಟರು ಬಂದಿದ್ದಾರೆ, ಯಾವ ಮನೆಯಲ್ಲಿ ಹೊಸ ಸೊಸೆ ಕೈ ಪಳಗಿಸಿಕೊಳ್ಳುತ್ತಿದ್ದಾಳೆ ಎಂಬುದನ್ನು ನಾನೂ ಬಡಿತದಿಂದಲೇ ಹೇಳಬಲ್ಲೆ. ಬಿಸಿ ರೊಟ್ಟಿ, ಮೇಲೊಂದಿಷ್ಟು ಬೆಣ್ಣೆ, ಪಕ್ಕಕ್ಕೆ ಎಣಗಾಯಿ, ಶೇಂಗಾಹಿಂಡಿ. ಈ ಊಟದ ರುಚಿ ಅದು ಬಾಯಿಗೆ ಬೀಳುವುದಕ್ಕೂ ಮೊದಲೇ ಶುರುವಾಗಿರುತ್ತದೆ.

ಮಾತು ಕಲಿತದ್ದು ಮಗಳು ಮೊದಲು. ಟ್ಯೂಬಿಂಗೆನ್‌ನಲ್ಲಿ ಹುಟ್ಟಿದ ಅವಳಿಗೆ ಕನ್ನಡವೆಂದರೆ ಅಪ್ಪ ಅಮ್ಮ ಇಬ್ಬರೇ ಆಡುವ ಮಾತಾಗಿತ್ತು. ಇಲ್ಲಿ ಹಾಲಿನವರು, ಬಸ್ಸಿನವರು, ಜಗಳಕ್ಕೆ ಬರುವ ಹುಡುಗರು ಎಲ್ಲರೂ ಅದನ್ನೇ ಆಡುತ್ತಾರೆಂಬುದು ಅವಳಿಗೆ ಹಬ್ಬವಾಯಿತು. ಶಾಲೆಗೆ ಸೇರಿದ ಸ್ವಲ್ಪ ದಿನಕ್ಕೇ ಚೀಲ ಬಿಸಾಕಿ “ಅಮ್ಮಾ, ಹಸಿವಿ ಆಗೈತಿ, ಲಗೂನ ಕೊಡು” ಎಂದಳು. ಅವಳ ಬಾಯಲ್ಲಿ ಮಲೆನಾಡಿನ ನನ್ನ ಮಾತು ಹಿಂದೆ ಸರಿಯುತ್ತಿದೆ ಎಂದು ಒಂದು ಗಳಿಗೆ ಮನಸ್ಸು ಮಿಡುಕಿತು. ಮರುಗಳಿಗೆಗೆ ಅದು ಹೋಯಿತು. ಓಣಿಯ ಮಾತು ಮಕ್ಕಳ ಬಾಯಿಗೆ ಹತ್ತಿತೆಂದರೆ ಓಣಿ ಅವರನ್ನು ತನ್ನವರೆಂದು ಸೇರಿಸಿಕೊಂಡಿತೆಂದೇ ಅರ್ಥ. ತಾಯಿಯಾದವಳಿಗೆ ಅದಕ್ಕಿಂತ ಇನ್ನೇನು ಬೇಕು.

ಈ ಎರಡು ಊರುಗಳ ನಡುವೆ ನನಗಿಂತ ಬಹಳ ಮೊದಲೇ ಓಡಾಡಿದವರೊಬ್ಬರಿದ್ದಾರೆ. ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕರ್ನಾಟಕಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದರ ಪ್ರಾಯ. ಮಂಗಳೂರು, ಮಡಿಕೇರಿಗಳ ಜೊತೆಗೆ ಧಾರವಾಡದಲ್ಲೂ ಇದ್ದರು. ಇಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಅದರಲ್ಲಿರುವ ಸುಮಾರು ಎಪ್ಪತ್ತು ಸಾವಿರ ಪದಗಳ ನಡುನಡುವೆ ಜನರ ಬಾಯಿಂದಲೇ ಬಂದ ಗಾದೆಗಳು ಸಿಗುತ್ತವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಅಲ್ಲಿದ್ದಾಗ ಈ ಸಂಗತಿಗಳು ನನಗೆ ಹೆಮ್ಮೆಯ ಮಾಹಿತಿಯಷ್ಟೇ ಆಗಿದ್ದವು. ಇಲ್ಲಿಗೆ ಬಂದ ಮೇಲೆ ಅವರ ಕೊನೆಯ ವರ್ಷಗಳ ಬಗ್ಗೆ ಬೇರೆ ರೀತಿಯಲ್ಲಿ ಯೋಚಿಸುತ್ತೇನೆ. ದಶಕಗಳ ಕಾಲ ಕನ್ನಡದ ಸಂತೆ, ಬಾವಿಕಟ್ಟೆ, ಹೊಲಗಳ ಮಾತಿಗೆ ತೆರೆದುಕೊಂಡಿದ್ದ ಕಿವಿಗಳು ಆ ಭಾನುವಾರದ ನಿಶ್ಶಬ್ದದಲ್ಲಿ ಏನು ಮಾಡಿದವು? ನಿಘಂಟಿನ ಪುಟ ತಿರುವಿದಾಗ ಯಾವುದಾದರೂ ಗಾದೆ ಅದನ್ನು ಆಡಿದವರ ದನಿಯಲ್ಲೇ ಅವರಿಗೆ ಕೇಳಿರಬಹುದೆ? ಅವರೂ ತಾಯ್ನಾಡಿಗೆ ಮರಳಿ ಬಂದವರೇ, ಅವರಿಗೂ ಹೊಸದಾಗಿ ಒಗ್ಗುವ ಕೆಲಸ ಇದ್ದೇ ಇತ್ತು. ಅವರ ನಿಘಂಟನ್ನು ಈಗ ತೆರೆದಾಗೆಲ್ಲ ನನಗೆ ಆ ಮುದಿ ಕಿವಿಗಳ ಮೇಲೆ ಪ್ರೀತಿ ಉಕ್ಕುತ್ತದೆ.

ಧಾರವಾಡದಲ್ಲಿ ಕಿವಿಗೆ ಒಗ್ಗುವುದೆಂದರೆ ಸಂಗೀತವನ್ನು ಬಿಟ್ಟು ಆಗುವುದಿಲ್ಲ. ಮಿರಜ್, ಪುಣೆ, ಬರೋಡಾ ಕಡೆಯಿಂದ ಮೈಸೂರಿನ ದಸರೆಗೆ ಹೊರಟ ಉಸ್ತಾದರು ದಾರಿಯಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದರೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಜೈಪುರ–ಅತ್ರೌಲಿ ಗಾಯಕಿಯನ್ನು ಮೈಗೂಡಿಸಿಕೊಂಡು ಇದೇ ಊರಿನಲ್ಲಿ ‘ಮೃತ್ಯುಂಜಯ’ ಎಂಬ ಮನೆಯಲ್ಲಿ ಬಾಳಿದರು. ಜರ್ಮನಿಯ ಕಛೇರಿಗಳಲ್ಲಿ ಕೆಮ್ಮು ಬಂದರೂ ಜನ ತಡೆದುಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಒಮ್ಮೆಲೇ ಚಪ್ಪಾಳೆ. ಇಲ್ಲಿ ಮೊದಲ ಸಲ ಕೂತ ಬೈಠಕ್ಕಿನಲ್ಲಿ ಗಾಯಕರು ವಿಲಂಬಿತದ ಒಂದು ಸುತ್ತು ಮುಗಿಸಿ ಸಮಕ್ಕೆ ಬಂದ ಕ್ಷಣ ಸಭೆಯ ಅಷ್ಟೂ ತಲೆಗಳು ಒಟ್ಟಿಗೆ ಬಾಗಿದವು. ನನ್ನ ಪಕ್ಕದ ಮುದುಕರು, ಅಂಗಡಿ ಮುಚ್ಚಿ ನೇರ ಬಂದವರಿರಬೇಕು, “ಆಹಾ” ಎಂದು ಉಸಿರಿನಲ್ಲೇ ಅಂದರು. ಗಾಯಕರಿಗೆ ಅದು ಕೇಳಿಸಿತು. ಅದೇ ಜಾಗಕ್ಕೆ ಬೇರೆ ದಾರಿಯಿಂದ ಮತ್ತೊಮ್ಮೆ ಬಂದು ತೋರಿಸಿದರು. ಕೇಳುವವರ ದನಿಯೂ ಹಾಡಿನೊಳಗೆ ಸೇರುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ಎರಡೂ ದೇಶದವರು ಕಿವಿಗೆ ಮರ್ಯಾದೆ ಕೊಡುವವರೇ. ಕೊಡುವ ಬಗೆ ಬೇರೆ.

ಇನ್ನು ಮಳೆ. ತೀರ್ಥಹಳ್ಳಿಯ ಮಳೆ ಆಗುಂಬೆಯ ನೆರೆಯದು, ಹಿಡಿದರೆ ಮಾತೇ ಕೇಳಿಸದು. ಜರ್ಮನಿಯಲ್ಲಿ ಎರಡು ಗಾಜಿನ ಕಿಟಕಿಗಳ ಹಿಂದೆ ಕೂತವಳಿಗೆ ಮಳೆ ಬರೀ ನೋಡುವ ಸಂಗತಿಯಾಗಿತ್ತು. ಧಾರವಾಡ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಅಳ್ನಾವರದ, ದಕ್ಷಿಣಕ್ಕೆ ಕಲಘಟಗಿಯ ಕಾಡು, ಕೆಂಪು ಮಣ್ಣು. ಪೂರ್ವಕ್ಕೆ ನವಲಗುಂದದ ಎರೆಹೊಲ. ಘಟ್ಟ ಹತ್ತಿ ಬರುವಷ್ಟರಲ್ಲಿ ರಭಸ ಕಳೆದುಕೊಂಡ ಮೋಡಗಳು ಇಲ್ಲಿ ಜಿಟಿಜಿಟಿ ಸುರಿಯುತ್ತವೆ. ಹಂಚಿನ ಮೇಲೆ ಬಿದ್ದ ಹನಿ, ಹಂಚಿನಿಂದ ಜಾರಿ ಅಂಗಳದ ಕೊಡಕ್ಕೆ ಬಿದ್ದ ಹನಿ, ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಮೊದಲನೆಯ ವರ್ಷ ನಾನು ಇದನ್ನು ಮಳೆಯೆಂದು ಒಪ್ಪಿರಲಿಲ್ಲ. ಎರಡನೆಯ ವರ್ಷ ಆಷಾಢದ ಒಂದು ಬೆಳಗ್ಗೆ ಅದೇ ಜಿಟಿಜಿಟಿಯೊಳಗೆ ರೈಲು ಕೂಗಿತು, ಅಜ್ಜನ ರೇಡಿಯೊ ವಚನ ಹಾಡಿತು, ಪಲ್ಲೆಯವರ ಕೂಗು ದೂರದಿಂದ ಹತ್ತಿರವಾಯಿತು. ನಾನು ಏಳಲಿಲ್ಲ. ಮೆಂತೆ ಬೇಕಿದ್ದರೆ ಅವರೇ ಬಾಗಿಲಲ್ಲಿ ನಿಂತು ಕರೆಯುತ್ತಾರೆಂದು ಗೊತ್ತಿತ್ತು.

ಅದೇ ವರ್ಷದ ದಸರೆಯಲ್ಲಿ ನಾವೂ ಬನ್ನಿ ಹಿಡಿದು ಮನೆಮನೆಗೆ ಹೋದೆವು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎನ್ನುತ್ತ ಎಲೆ ಕೊಟ್ಟು ಎಲೆ ತೆಗೆದುಕೊಳ್ಳುವುದು ಇಲ್ಲಿಯ ರೂಢಿ. ಹಿಂದಿನ ವರ್ಷ ನಾವು ಬಾಗಿಲಲ್ಲಿ ನಿಂತು ಬಂದವರಿಂದ ಪಡೆದವರಷ್ಟೇ. ಈ ಸಲ ಯಾರ ಮನೆಗೆ ಮೊದಲು ಹೋಗಬೇಕು, ಹಿರಿಯರು ಯಾರು, ಯಾರಿಗೆ ಮೆಟ್ಟಿಲು ಇಳಿಯಲಾಗದು ಎಂಬುದನ್ನೆಲ್ಲ ಮಗಳೇ ಹೇಳಿದಳು.

ಟ್ಯೂಬಿಂಗೆನ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಹಿರಿಯ ಗೆಳತಿ, ನನಗೆ ಕೇರ್‌ವೋಖೆ ಕಲಿಸಿದವರು, ಬರುವ ಚಳಿಗಾಲಕ್ಕೆ ಇಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಏನೇನು ತೋರಿಸಬೇಕೆಂದು ಓಣಿಯಲ್ಲಿ ಈಗಲೇ ಚರ್ಚೆ ನಡೆದಿದೆ. ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ, ಮನಸೂರರ ಮನೆ, ನವಲೂರಿನ ಪೇರಲ ತೋಟ ಎಂದು ಅಜ್ಜ ಪಟ್ಟಿ ಮಾಡಿದ್ದಾರೆ. ರೊಟ್ಟಿಯವರು ನವಲಗುಂದದ ತಮ್ಮ ತವರಿನ ಹೊಲಕ್ಕೆ ಕರೆದುಕೊಂಡು ಹೋಗಿ ಸೀತನಿ ತಿನ್ನಿಸುತ್ತೇನೆ ಎಂದಿದ್ದಾರೆ. ಎಳೆಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಬಡಿದು ಕಾಳು ಉದುರಿಸಿ ತಿನ್ನುವುದು ಹೊಲದಲ್ಲೇ ಚೆಂದ. ಲೈನ್ ಬಜಾರಿನಲ್ಲಿ ಪೇಢೆಯ ಸಾಲಿಗೆ ನಿಲ್ಲಲು ಮಗಳು ಒಪ್ಪಿದ್ದಾಳೆ. ಬಂದ ಮೊದಲ ದಿನ ಅವರನ್ನು ಎಲ್ಲಿಗೂ ಕರೆದೊಯ್ಯಬಾರದು, ಅಂಗಳದಲ್ಲೇ ಕೂರಿಸಬೇಕು ಎಂದು ನಾನು ಹಟ ಹಿಡಿದಿದ್ದೇನೆ.