ಪಾಪಿ ಎಂಬ ಹೂವು

ಚಳಿಗಾಲ ಬಂತೆಂದರೆ ಗೋಕಾಕದ ನಮ್ಮ ಮನೆಯ ಅಂಗಳದಲ್ಲಿ ಕೆಂಪು ಪಾಪಿ ಹೂಗಳು ಅರಳುತ್ತವೆ. ಹೆಸರು ಕೇಳಿದವರು ಮೊದಲು ನಗುತ್ತಾರೆ. 'ಇಷ್ಟ ಚಂದ ಹೂವಿಗೆ ಪಾಪಿ ಅಂತ ಯಾರ್ರೀ ಹೆಸರಿಟ್ಟವರು?' ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದುಂಟು. ಅದು ಇಂಗ್ಲಿಷಿನ ಹೆಸರು, ಹೂವಿನ ತಪ್ಪಲ್ಲ. ಆದರೆ ಈ ಹೂವಿನ ವಿಷಯದಲ್ಲಿ ಒಂದು ತಪ್ಪು ನಡೆದದ್ದು ನಿಜ. ಅದು ನನ್ನದು.

ಆಗ ನಾನು ಮೂಡಲಗಿಯ ಕಡೆ ಶಾಲೆಯೊಂದಕ್ಕೆ ವಿಜ್ಞಾನ ಶಿಕ್ಷಕನಾಗಿ ಹೊಸದಾಗಿ ಸೇರಿದ್ದೆ. ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಬೀಜ ಮೊಳೆಯುವ ಪಾಠ. ಹೆಸರು, ಕಡಲೆಯನ್ನು ಎಲ್ಲರೂ ಮೊಳೆಸುತ್ತಾರೆ. ಸಾಸಿವೆಗಿಂತ ಸಣ್ಣ ಬೀಜದಲ್ಲೂ ಗಿಡ ಅಡಗಿದೆಯೆಂದು ತೋರಿಸುವ ಹುರುಪಿನಲ್ಲಿ, 'ಮನೆಯಲ್ಲಿ ಗಸಗಸೆ ಇದ್ದರೆ ಬಿತ್ತಿ ನೋಡಿರಿ' ಎಂದುಬಿಟ್ಟೆ. ಪಾಯಸಕ್ಕೆ, ಅಂಟಿನುಂಡೆಗೆ ಹಾಕುವ ಗಸಗಸೆಯಲ್ಲವೇ!

ಒಂದೂವರೆ ತಿಂಗಳ ಮೇಲೆ ಏಳನೆಯ ತರಗತಿಯ ಹುಡುಗನೊಬ್ಬ ಓಡಿ ಬಂದು, 'ಸರ್, ನಮ್ಮ ಹಿತ್ತಲದಾಗ ಗಸಗಸೆ ಗೇಣುದ್ದ ಆಗ್ಯಾವ್ರಿ' ಎಂದ. ಹೆಮ್ಮೆಯಿಂದ ಹಿರಿಯ ಶಿಕ್ಷಕರೊಬ್ಬರಿಗೆ ಹೇಳಿದೆ. ಅವರು ದನಿ ತಗ್ಗಿಸಿ, 'ಅದು ಅಫೀಮಿನ ಗಿಡ ಮಾರಾಯ' ಎಂದರು. ಬಿ.ಎಸ್ಸಿ. ಓದಿದ ನನಗೆ ಪಪಾವರ್ ಸೋಮ್ನಿಫೆರಮ್ ಎಂಬ ಹೆಸರು ಬಾಯಿಪಾಠವಿತ್ತು. ಅಡುಗೆಮನೆಯ ಡಬ್ಬಿಯಲ್ಲಿರುವುದು ಅದರದೇ ಬೀಜವೆಂದು ಹೊಳೆದಿರಲಿಲ್ಲ.

1985ರ ಮಾದಕ ವಸ್ತುಗಳ ಕಾಯ್ದೆಯಂತೆ ಗಸಗಸೆ ತಿನ್ನಲು ಅಡ್ಡಿಯಿಲ್ಲ, ಗಿಡ ಬೆಳೆಯುವಂತಿಲ್ಲ. ಅದಕ್ಕೆ ಸರಕಾರದ ಪರವಾನಗಿ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತಾದ ಭಾಗಗಳ ರೈತರಿಗಷ್ಟೇ ಅದು ಸಿಗುತ್ತದೆ. ಮೀರಿದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕತ್ತಲಾಗುವುದರೊಳಗೆ ಸೈಕಲ್ ತುಳಿದು ಆ ಹುಡುಗನ ಮನೆಗೆ ಹೋದೆ. ಕಬ್ಬಿಗೆ ನೀರು ಹಾಯಿಸಿ ಬಂದಿದ್ದ ಅವನ ತಂದೆಗೆ ವಿಷಯ ತಿಳಿಸಿ, ಗಿಡಗಳನ್ನು ನನ್ನ ಕೈಯಾರೆ ಕಿತ್ತೆ. ತಂದೆ ಏನೂ ಅನ್ನಲಿಲ್ಲ. ಹುಡುಗ ಮಾತ್ರ ಅಳುತ್ತ, 'ನೀವ ಹಚ್ಚಂದ್ರಿ, ನೀವ ಕಿತ್ತೀರಿ' ಎಂದ.

ಬೇರೆ ಪಾಪಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಬೆಳಗಾವಿಯ ಬೀಜದಂಗಡಿಯಲ್ಲಿ ಶರ್ಲಿ ಪಾಪಿಯ ಪೊಟ್ಟಣ ಸಿಕ್ಕಿತು. ಇದು ಯುರೋಪಿನ ಗೋಧಿ ಹೊಲಗಳ ಕಳೆ, ಪಪಾವರ್ ರೀಯಾಸ್. ಇದರಲ್ಲಿ ಮಾರ್ಫಿನ್ ಇಲ್ಲ. 1880ರ ಸುಮಾರಿಗೆ ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್, ಕೆಂಪು ಹೂಗಳ ನಡುವೆ ಬಿಳಿ ಅಂಚಿನ ಒಂದೇ ಒಂದು ಹೂ ಕಂಡು, ಅದರ ಬೀಜ ಕಾದಿಟ್ಟು ವರ್ಷವರ್ಷವೂ ಆರಿಸುತ್ತ ಈ ತಳಿ ಮಾಡಿದ. ಎಲೆ ನೋಡಿದರೇ ಗುರುತು: ಅಫೀಮಿನ ಗಿಡದ್ದು ನುಣುಪಾದ ಬೂದುಹಸಿರು, ಕಾಂಡವನ್ನು ತಬ್ಬಿರುತ್ತದೆ, ಇದರದ್ದು ಸೀಳುಸೀಳಾಗಿ, ರೋಮ ತುಂಬಿರುತ್ತದೆ.

ಮೊದಲ ವರ್ಷ ಬುಟ್ಟಿಯಲ್ಲಿ ಸಸಿ ಮಾಡಿ ಕಿತ್ತು ನೆಟ್ಟೆ, ಎಲ್ಲವೂ ಬಾಡಿದವು. ಪಾಪಿಯ ತಾಯಿಬೇರು ಅಲುಗಾಡಿಸಿದರೆ ಸಹಿಸದು. ಮರುವರ್ಷ ಮಡಿಯಲ್ಲೇ ಬಿತ್ತಿ ತಂಬಿಗೆಯಿಂದ ನೀರು ಸುರಿದೆ. ಬೀಜವೆಲ್ಲ ತೇಲಿ ಒಂದು ಮೂಲೆ ಸೇರಿತು. ಆಮೇಲೆ ದಾರಿ ತಿಳಿಯಿತು. ದೀಪಾವಳಿಯ ಹೊತ್ತಿಗೆ ಮಳೆ ನಿಂತ ಮೇಲೆ, ನಮ್ಮ ಎರೆಮಣ್ಣಿಗೆ ಮರಳು, ಗೊಬ್ಬರ ಕೂಡಿಸಿ ಮಡಿ ಎತ್ತರಿಸಬೇಕು. ಚಿಟಿಕೆ ಬೀಜಕ್ಕೆ ಮುಷ್ಟಿ ಮರಳು ಬೆರೆಸಿ ಉದುರಿಸಿ, ಮೇಲೆ ಮಣ್ಣು ಮುಚ್ಚದೆ ಹಲಗೆಯಿಂದ ಒತ್ತಿದರಾಯಿತು. ನೀರನ್ನು ಚಿಮುಕಿಸಬೇಕಷ್ಟೇ. ಸಸಿಗಳನ್ನು ಗೇಣಿಗೊಂದರಂತೆ ಉಳಿಸಿ ಉಳಿದವನ್ನು ಕೀಳಬೇಕು. ಮನಸ್ಸಿಗೆ ಕಷ್ಟವೇ, ಆದರೂ ಕೀಳಬೇಕು.

ಜನವರಿ ಕೊನೆಗೆ ತಲೆ ತಗ್ಗಿಸಿದ ಮೊಗ್ಗುಗಳು ಬರುತ್ತವೆ. ಅರಳುವ ಮೊದಲು ಕತ್ತು ನೆಟ್ಟಗಾಗುತ್ತದೆ. ಎರಡೇ ಎರಡು ಪುಷ್ಪಪತ್ರಗಳು ಕಳಚಿ ಬೀಳುತ್ತವೆ. ಒಳಗಿಂದ ಮಡಿಚಿಟ್ಟ ರೇಷ್ಮೆ ಕುಪ್ಪಸದಂತೆ ಸುಕ್ಕುಸುಕ್ಕಾದ ಎಸಳುಗಳು ಹೊರಬರುತ್ತವೆ. ಕಾಯಿ ಒಣಗಿದಾಗ ಮೇಲಿನ ಮುಚ್ಚಳದಡಿ ಸಣ್ಣ ಕಿಂಡಿಗಳು ತೆರೆದು, ಗಾಳಿಗೆ ಬೀಜ ಉಪ್ಪಿನ ಡಬ್ಬಿಯಂತೆ ಉದುರುತ್ತದೆ.

ಮೂರನೆಯ ವರ್ಷ ನನ್ನ ಅಂಗಳದ ಬೀಜ ಕಾಗದದಲ್ಲಿ ಕಟ್ಟಿಕೊಂಡು ಹೋಗುವಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದ. ಮಾತು ಹಾಗೇ ಉಳಿಯಿತು.

ಈಗ ನಾನು ಹುಕ್ಕೇರಿಯಲ್ಲಿದ್ದೇನೆ. ಹೂವಿನ ಕೇರಿಯೇ ಹುಕ್ಕೇರಿಯಾಯಿತೆಂದು ಇಲ್ಲಿಯವರು ಹೇಳುವುದುಂಟು. ಹೋದ ಚಳಿಗಾಲ ಶಾಲೆಯ ಗೇಟಿನಲ್ಲಿ ಒಬ್ಬರು ಮಗಳ ಕೈ ಹಿಡಿದು ನಿಂತಿದ್ದರು. ನಾನು ಗುರುತಿಸಲಿಲ್ಲ, ಅವನೇ ಹೇಳಿದ. ಮರುದಿನ ಪೊಟ್ಟಣ ಕೊಟ್ಟೆ. ಮಗಳ ಅಂಗೈಗೆ ನಾಲ್ಕು ಕಾಳು ಸುರಿದು ನೋಡುತ್ತ ಕೇಳಿದ: 'ಇವನ್ನ ಕೀಳಾಕ ಬರೂದಿಲ್ಲಲ್ರೀ ಸರ್?'