ಅತ್ತೆಯವರ ಮರ, ಮಗನ ಗರಗಸ

ಹಲಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ರಸಪುರಿ ಮಾವಿನ ಮರವಿದೆ. ಅತ್ತೆಯವರು ನೆಟ್ಟದ್ದು. ಅವರು ತೀರಿಕೊಂಡು ಹದಿನೆಂಟು ವರ್ಷವಾದರೂ ನನಗಿನ್ನೂ ಅದು ಅತ್ತೆಯವರ ಮರವೇ.

ಪ್ರತಿ ಆಷಾಢದಲ್ಲಿ, ಹಣ್ಣು ಮುಗಿದ ಮೇಲೆ, ಒಬ್ಬ ತಾತ ಬಂದು ಕೈಗರಗಸದಿಂದ ರೆಂಬೆ ಸವರಿ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಅವರ ಮಂಡಿ ಸೋತಿತು. ನಾನೇ ಮಾಡೋಣವೆಂದು ಶಿವಾಜಿನಗರಕ್ಕೆ ಹೋಗಿ ಬಾಗಿದ ಅಲಗಿನ ಗರಗಸವೊಂದನ್ನು ತಂದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಕೈ ನೋಡಿ, ಹತ್ತು ಸಲ ಎಳೆಯುವಷ್ಟರಲ್ಲಿ ಮಣಿಕಟ್ಟು ‘ಸಾಕು’ ಎಂದಿತು.

ನನ್ನ ಪಾಡು ಕಂಡು ಮಗ ಬ್ಯಾಟರಿಯಿಂದ ನಡೆಯುವ ಪುಟ್ಟ ಚೈನ್ ಗರಗಸ ತಂದ. ಡಿಸೆಂಬರಿನ ಒಂದು ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ ಬರುವಷ್ಟರಲ್ಲಿ ಆರು ರೆಂಬೆ ನೆಲದ ಮೇಲಿದ್ದವು. “ಹತ್ತೇ ನಿಮಿಷ ಅಮ್ಮ, ಇನ್ನು ನಿನಗೆ ಕೈನೋವಿಲ್ಲ” ಎಂದ. ಒಂದು ರೆಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬಂದಿತ್ತು. ಮಾವು ಹೂ ಬಿಡುವುದು ರೆಂಬೆಯ ತುದಿಯಲ್ಲಿ, ಚಳಿಗಾಲದಲ್ಲಿ. ಆ ಬೇಸಗೆ ಗೋಡೆಯ ಕಡೆ ಒಂದು ಕಾಯಿಯೂ ಕಚ್ಚಲಿಲ್ಲ. ಆದರೆ ನನಗಾಗಿ ತಂದವನನ್ನು ಬೈಯುವುದು ಹೇಗೆ?

ತಾತನನ್ನು ಕರೆಸಿ ತೋರಿಸಿದೆ. ಗಾಯವನ್ನು ಸವರಿ ನೋಡಿ, “ಗರಗಸದ ತಪ್ಪಲ್ಲ ಅಮ್ಮಾವ್ರೆ. ಕೈಯಲ್ಲಿ ಎಳೀತಾ ಎಳೀತಾ ನಾವು ಯೋಚನೆ ಮಾಡ್ತೀವಿ. ಅದಕ್ಕೆ ಪುರಸೊತ್ತಿಲ್ಲ. ಯೋಚನೆ ಮೊದಲೇ ಮಾಡ್ಕೋಬೇಕು” ಎಂದರು. ಮೂರು ಕೊಯ್ತದ ಪಾಠವನ್ನೂ ಹೇಳಿದರು. ಕಾಂಡದಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದರೆ ಭಾರವೆಲ್ಲ ಬಿದ್ದುಹೋಗುತ್ತದೆ, ತೊಗಟೆ ಸೀಳುವುದಿಲ್ಲ. ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ತೆಗೆಯಬೇಕು. ಉಬ್ಬನ್ನು ಕೊಯ್ಯಬಾರದು, ಗಾಯ ಮುಚ್ಚುವುದು ಅಲ್ಲಿಂದಲೇ.

ಈಗ ನಮ್ಮ ಮನೆಯಲ್ಲಿ ಎರಡು ಗರಗಸಗಳೂ ಇವೆ. ಹೆಬ್ಬೆರಳಿನ ದಪ್ಪದ ರೆಂಬೆಗೆ ನನ್ನ ಕೈಗರಗಸ. ಅದಕ್ಕೆ ನಾಲ್ಕು ಎಳೆತ ಸಾಕು, ಮಣಿಕಟ್ಟು ಮುನಿಯುವುದಿಲ್ಲ. ಅದಕ್ಕಿಂತ ದಪ್ಪವಾದರೆ ಮಗನದು. ಅದನ್ನು ನೆಲದ ಮೇಲೆ ನಿಂತೇ ಹಿಡಿಯಬೇಕು, ಏಣಿಯ ಮೇಲಲ್ಲ. ಅಲಗಿನ ತುದಿ ಕೊಂಬೆಗೆ ತಗುಲಿದರೆ ಅದು ಮುಖದ ಕಡೆಗೇ ಚಿಮ್ಮುತ್ತದೆ. ಚೈನು ಮುಟ್ಟುವ ಮೊದಲು ಬ್ಯಾಟರಿ ತೆಗೆಯಬೇಕು. ಮಾವಿನ ಸೊನೆ ಚರ್ಮ ಸುಡುವುದರಿಂದ ಕೈಗವಸು ಇಬ್ಬರಿಗೂ ಬೇಕು. ಕರೆಂಟಿನ ತಂತಿಯ ಹತ್ತಿರದ ಕೊಂಬೆಗೆ ಎರಡೂ ಬೇಡ, ಬೆಸ್ಕಾಂನವರಿಗೆ ತಿಳಿಸುವುದೇ ಸರಿ.

ಎಲ್ಲಕ್ಕಿಂತ ಮೊದಲು ಸೀಮೆಸುಣ್ಣ. ಹಿಂದಿನ ಸಂಜೆಯೇ ನಾನು ಮರದ ಸುತ್ತ ನಿಧಾನವಾಗಿ ನಡೆದು ಗುರುತು ಹಾಕುತ್ತೇನೆ. ಗುರುತಿಲ್ಲದ ರೆಂಬೆಗೆ ಯಾವ ಗರಗಸವೂ ತಾಗಕೂಡದು. ಮಗ ನಗುತ್ತಾನೆ, ಆದರೆ ಮೀರುವುದಿಲ್ಲ.

ತೊಗಟೆಯ ಗಾಯ ಇನ್ನೂ ಪೂರ್ತಿ ಮುಚ್ಚಿಲ್ಲ. ಈ ಸಲ ಗೋಡೆಯ ಕಡೆ ಮೂರು ಹಣ್ಣು ಬಿಟ್ಟವು. ಒಂದನ್ನು ಮಗನ ಕೈಯಲ್ಲೇ ತಾತನ ಮನೆಗೆ ಕಳಿಸಿದೆ.