ಬೆಳಗಾಯಿತೆಂದು ತಿಳಿಸುವವರು

ಎರಡು ವರ್ಷಗಳ ಹಿಂದೆ ಜಮಖಂಡಿಯಲ್ಲಿ ನಮ್ಮ ಓಣಿಯ ಹಿರಿಯ ಉಸ್ತಾದರೊಬ್ಬರು ಅಲ್ಲಾಹನ ಕರೆಗೆ ಓಗೊಟ್ಟರು. ಮರಣದ ಸುದ್ದಿಯನ್ನೂ ಜನಾಝಾ ನಮಾಝಿನ ವೇಳೆಯನ್ನೂ ಎಲ್ಲರಿಗೂ ತಿಳಿಸುವ ಹೊಣೆ ನನ್ನ ಪಾಲಿಗೆ ಬಂತು. ಮೊಬೈಲಿನಲ್ಲಿ ಹಸಿರು ಅಂಚಿನ ಪ್ರಕಟಣೆಯೊಂದನ್ನು ಸಿದ್ಧಪಡಿಸಿ, ಅದನ್ನು ಚಿತ್ರವಾಗಿಸಿ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಿದೆ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಅವರ ಶಿಷ್ಯರು ಅಸರ್‌ಗೆ ಮೊದಲೇ ಬಂದು ಸೇರಿದರು. ನಮಾಝಿನ ಸಾಲುಗಳು ಅಂಗಳವನ್ನೂ ದಾಟಿದವು. ಆ ಸಾಲುಗಳಲ್ಲಿ ಇರಲೇಬೇಕಾಗಿದ್ದ ಒಬ್ಬ ಮಾತ್ರ ಇರಲಿಲ್ಲ. ಅವನು ಬನಹಟ್ಟಿಯಲ್ಲಿರುವ ನನ್ನ ತಂಗಿಯ ಮಗ.

ಅವನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಮೂರು ವರ್ಷ ನಮ್ಮ ಮನೆಯಲ್ಲಿದ್ದು ಅದೇ ಉಸ್ತಾದರ ಬಳಿ ಕುರ್‌ಆನ್ ಕಲಿತಿದ್ದ. ಅವರು ಓದುವರು, ಇವನು ಕೇಳಿ ಒಪ್ಪಿಸುವನು. ಬೇರೆ ಮಕ್ಕಳೆಲ್ಲ ಹೊರಟುಹೋದ ಮೇಲೂ ಅವರು ಇವನಿಗಾಗಿ ಕುಳಿತಿರುತ್ತಿದ್ದರು.

ಮರುದಿನ ಬೆಳಿಗ್ಗೆ ಅವನ ಕರೆ ಬಂತು. “ಮಾಮು, ಉಸ್ತಾದರ ಸುದ್ದಿ ನನಗೇಕೆ ತಿಳಿಸಲಿಲ್ಲ?”

“ನಿನ್ನೆಯೇ ಗುಂಪಿಗೆ ಹಾಕಿದ್ದೆನಲ್ಲ ಬೇಟಾ?”

“ಫೋಟೋ ಒಂದು ಬಂದಿದೆ ಎಂದಷ್ಟೇ ನನ್ನ ಫೋನು ಹೇಳಿತು. ಯಾರದೋ ಶುಭಾಶಯವಿರಬೇಕು ಎಂದುಕೊಂಡೆ.”

ತಂದೆ ತಾಯಿ ಬೀಳಗಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದ ದಾದಿಗೆ ಅಕ್ಷರ ಬಾರದು. ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ಫೋನು ಮಾತನಾಡುವಂತೆ ಮಾಡಿಕೊಟ್ಟವನೇ ನಾನು.

ಆಂಡ್ರಾಯ್ಡ್ ಫೋನುಗಳಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿದರೆ ಬೆರಳು ತಾಗಿದ್ದನ್ನೆಲ್ಲ ಫೋನು ಕನ್ನಡದಲ್ಲಿಯೂ ಓದಿ ಹೇಳುತ್ತದೆ. ಅವನ ಹಳೆಯ ಲ್ಯಾಪ್‌ಟಾಪಿಗೆ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು ಹಾಕಿಕೊಟ್ಟಿದ್ದೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಆರಂಭಿಸಿದರು. ಬಾಲ್ಯಮಿತ್ರ ಜೇಮ್ಸ್ ಟೆಹ್ ಜೊತೆಗೂಡಿದರು, ಅವರೂ ಅಂಧರೇ. ಅಂದಿನ ದಿನಗಳಲ್ಲಿ ಇಂತಹ ತಂತ್ರಾಂಶಗಳ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. ಕಣ್ಣುಳ್ಳವನು ಪರದೆಯನ್ನು ನೋಡಲು ಹಣ ಕೊಡುವುದಿಲ್ಲ. ಕಣ್ಣಿಲ್ಲದವನು ಅದನ್ನು ಕೇಳಲು ಏಕೆ ಕೊಡಬೇಕು? ಇಂದಿಗೂ ಅದು ಉಚಿತ. ಪೆನ್‌ಡ್ರೈವಿನಲ್ಲಿ ಒಯ್ದು ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ನಡೆಸಬಹುದು. ಅದರೊಂದಿಗೆ ಬರುವ ‘ಇ-ಸ್ಪೀಕ್’ ಧ್ವನಿ ಕನ್ನಡವನ್ನು ಯಂತ್ರದಂತೆಯೇ ಓದುತ್ತದೆ. ಆದರೆ ಮಗ್ಗಗಳ ಸದ್ದಿನ ನಡುವೆ ಬೆಳೆದ ಹುಡುಗನಿಗೆ ಅದು ವಾರದೊಳಗೆ ಒಗ್ಗಿಹೋಯಿತು.

ಹೀಗೆ ದೂರದ ಇಬ್ಬರು ಬಾಗಿಲನ್ನು ತೆರೆದಿಟ್ಟಿದ್ದರು. ಅದನ್ನು ಮುಚ್ಚಿದವನು ನಾನು. ಚಿತ್ರದೊಳಗಿನ ಅಕ್ಷರ ಈ ತಂತ್ರಾಂಶಗಳಿಗೆ ಬರಿಯ ಚಿತ್ರ. ಚಿತ್ರದಿಂದ ಅಕ್ಷರವನ್ನು ಹೆಕ್ಕುವ ಸಾಧನಗಳೂ ಇವೆ, ಆದರೆ ಅಲಂಕಾರದ ಬರಹದಲ್ಲಿ ಅವು ಎಡವುತ್ತವೆ. ಇದಕ್ಕೂ ಮೊದಲು ಅವನ ಪಿಯುಸಿ ಇತಿಹಾಸದ ಟಿಪ್ಪಣಿಗಳನ್ನು ನಾನು ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಿಸಿ ಕೊಟ್ಟಿದ್ದೆ. ಆ ಪದ್ಧತಿಯಲ್ಲಿ ನಮ್ಮ ಕಣ್ಣಿಗೆ ‘ಕ’ ಕಂಡಲ್ಲಿ ಯಂತ್ರಕ್ಕೆ ಸಿಗುವುದು ಇಂಗ್ಲಿಷಿನ ‘ಪಿ’. ಪುಟವೆಲ್ಲ ಅರ್ಥವಿಲ್ಲದ ಸದ್ದಾಗಿತ್ತು. ಯೂನಿಕೋಡಿಗೆ ಪರಿವರ್ತಿಸಿದೊಡನೆ ಅದೇ ಪುಟ ಮಾತನಾಡಿತು. ಆ ಪಾಠವನ್ನು ಕಲಿತೂ ನಾನು ಜನಾಝಾದ ದಿನ ಮರೆತೆ.

ಆ ರಾತ್ರಿ ಅಬಸ ಸೂರಾವನ್ನು ಮತ್ತೆ ಓದಿದೆ. ಕುರೈಶರ ಮುಖಂಡರೊಡನೆ ಪ್ರವಾದಿವರ್ಯರು(ಸ) ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಬಂದರು. ಅವರತ್ತ ಗಮನ ಹರಿಯದೆ ಹೋದುದಕ್ಕೆ ಅಲ್ಲಾಹನು ತನ್ನ ಪ್ರವಾದಿಯನ್ನೇ ಎಚ್ಚರಿಸಿದನು. ಮುಖ ಗಂಟಿಕ್ಕಿದ್ದು ಆ ಅಂಧರಿಗೆ ಕಂಡಿರಲಿಲ್ಲ. ಆದರೂ ಅದು ಲೆಕ್ಕಕ್ಕೆ ಬಂತು. ಹಾಗಾದರೆ ಕಾಣದವನಿಗೆ ಚಿತ್ರ ಕಳುಹಿಸಿ, ತಿಳಿಸಿಯಾಯಿತು ಎಂದು ನೆಮ್ಮದಿಯಿಂದಿದ್ದ ನನ್ನ ಲೆಕ್ಕವೇನು?

ಅದೇ ಇಬ್ನು ಉಮ್ಮಿ ಮಕ್ತೂಮ್(ರ) ಮುಂದೆ ಮದೀನಾದಲ್ಲಿ ಬಿಲಾಲ್(ರ)ರೊಂದಿಗೆ ಮುಅಝ್ಝಿನರಾದರು. ರಮಝಾನಿನಲ್ಲಿ ಜನರು ಊಟ ನಿಲ್ಲಿಸಬೇಕಾದುದು ಅವರ ಅಝಾನಿಗೆ. ಅವರಿಗೆ ಉಷೆಯ ಬೆಳಕು ಕಾಣದು. ಬೆಳಗಾಯಿತೆಂದು ಜನರು ತಿಳಿಸುವವರೆಗೆ ಅವರು ಅಝಾನ್ ಕೊಡುತ್ತಿರಲಿಲ್ಲವೆಂದು ಬುಖಾರಿಯ ಹದೀಸಿನಲ್ಲಿದೆ. ಊರನ್ನೆಲ್ಲ ಕರೆಯುವ ಕಂಠ ಅವರದು; ಬೆಳಗಾಯಿತೆಂದು ಹೇಳುವ ಒಂದು ಮಾತು ನೆರೆಯವರದು. ಕಣ್ಣಿಲ್ಲವೆಂದು ಅವರನ್ನು ಹೊಣೆಯಿಂದ ಬಿಡಿಸಲಿಲ್ಲ, ಹೊಣೆಯನ್ನು ಹೊರಲು ಬೇಕಾದುದನ್ನು ಒದಗಿಸಿದರು. ತಂತ್ರಾಂಶ ನಮ್ಮ ಮಕ್ಕಳಿಗೆ ಕಂಠವನ್ನು ಕೊಟ್ಟಿದೆ. ಆ ಒಂದು ಮಾತು ಮಾತ್ರ ಇಂದಿಗೂ ನಮ್ಮಿಂದಲೇ ಬರಬೇಕು.

ಸಹೋದರ ಸಹೋದರಿಯರೇ, ಇದಕ್ಕೆ ಹಣ ಬೇಕಾಗಿಲ್ಲ. ಮಸೀದಿಯ ಪ್ರಕಟಣೆಯನ್ನು ಚಿತ್ರವಾಗಿ ಕಳುಹಿಸುವಾಗ ಅದರ ಕೆಳಗೆ ಅದೇ ವಿಷಯವನ್ನು ಎರಡು ಸಾಲು ಬರೆಯಿರಿ. ಮದ್ರಸಾದ ಪಾಠಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿರಿ. ಮುಧೋಳದ ನನ್ನ ಗೆಳೆಯರ ಮಗಳಿಗೆ ಕಿವಿ ಮಂದ. ಮಾತನ್ನು ಅಕ್ಷರವಾಗಿಸುವ ಉಚಿತ ತಂತ್ರಾಂಶವನ್ನು ಅವಳು ಬಳಸುತ್ತಾಳೆ. ಗದ್ದಲದಲ್ಲಿ ಅದು ತಪ್ಪುತ್ತದೆ, ಒಬ್ಬೊಬ್ಬರೇ ನಿಧಾನವಾಗಿ ಮಾತನಾಡಿದರೆ ಅವಳಿಗೆ ಪಾಠ ದಕ್ಕುತ್ತದೆ. ಅಲ್ಲಿಯೂ ಬೇಕಾದುದು ನಮ್ಮ ತುಸು ತಾಳ್ಮೆ. ಮುದ್ರಿತ ಪುಸ್ತಕಗಳನ್ನು ಇಂತಹವರು ಓದಬಲ್ಲ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೆಷ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿಯೇ ಮೊದಲು ಅನುಮೋದಿಸಿದ ದೇಶ ನಮ್ಮದು. ಕಾನೂನು ದಾರಿ ಬಿಟ್ಟಿದೆ, ನಾವು ಅಡ್ಡ ನಿಲ್ಲದಿರೋಣ.

ಉಸ್ತಾದರ ಜನಾಝಾವನ್ನು ಅವನಿಗೆ ಮರಳಿ ಕೊಡಲು ನನ್ನಿಂದಾಗದು. ಆ ವಾರವೇ ಅವನನ್ನು ಖಬರಸ್ತಾನಕ್ಕೆ ಕರೆದೊಯ್ದೆ. ಉಸ್ತಾದರು ಕಲಿಸಿದ ಸೂರಾಗಳನ್ನು ಅವನು ಮೆಲುದನಿಯಲ್ಲಿ ಓದಿ ದುಆ ಮಾಡಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಈಗ ರಮಝಾನಿನ ವೇಳಾಪಟ್ಟಿಯನ್ನು ನಾನು ದಿನಕ್ಕೊಂದು ಸಾಲಿನಂತೆ ಅಕ್ಷರಗಳಲ್ಲಿಯೇ ಕಳುಹಿಸುತ್ತೇನೆ. ಬನಹಟ್ಟಿಯ ಆ ಮನೆಯಲ್ಲಿ ನಸುಕಿಗೆ ಎದ್ದು ಫೋನಿಗೆ ಕಿವಿಗೊಟ್ಟು, ಸೆಹ್ರಿಯ ವೇಳೆ ಮುಗಿಯುತ್ತಿದೆ ಎಂದು ದಾದಿಗೆ ತಿಳಿಸುವವನು ಈಗ ಅವನೇ.